ಸಭೆ ಎಂಬ ಮದಲಗಿತ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

“ಕ್ರಿಸ್ತನ ಮದಲಗಿತ್ತಿ” ಎಂಬ ಮಾತು ಬೈಬಲಿನಲ್ಲಿ ಎಲ್ಲಿದೆ?

ಇದೇ ರೂಪದಲ್ಲಿ ಎಲ್ಲಿಯೂ ಇಲ್ಲ. ಇರುವುದು ಬಿಡಿ ಎಳೆಗಳು. ಅವನ್ನು ಹೆಣೆದವರು ನಂತರದ ಓದುಗರು. 2 ಕೊರಿಂಥ 11:2ರಲ್ಲಿ ಪೌಲ ಕೊರಿಂಥದ ಸಭೆಯನ್ನು, ಅಂದರೆ ಅಲ್ಲಿನ ವಿಶ್ವಾಸಿಗಳ ಸಮುದಾಯವನ್ನು, ಒಬ್ಬನೇ ಪುರುಷನಿಗೆ ನಿಶ್ಚಯ ಮಾಡಿದ ಕನ್ಯೆ ಎಂದು ನೋಡುತ್ತಾನೆ. ಎಫೆಸ 5:25–32 ಗಂಡ ಹೆಂಡಿರ ವಿಷಯ ಹೇಳುತ್ತಾ ಹೇಳುತ್ತಾ ಕ್ರಿಸ್ತ ಮತ್ತು ಸಭೆಯ ಕಡೆಗೆ ಹೊರಳುತ್ತದೆ. ಯೋಹಾನ 3:29ರಲ್ಲಿ ಸ್ನಾನಿಕನಾದ ಯೋಹಾನ ತಾನು ಮದಲಿಂಗನಲ್ಲ, ಮದಲಿಂಗನ ಗೆಳೆಯ ಎನ್ನುತ್ತಾನೆ. ಪ್ರಕಟನೆ 19:7, 21:2, 21:9 ಮತ್ತು 22:17ರಲ್ಲಿ ಕುರಿಮರಿಯ, ಅಂದರೆ ಕ್ರಿಸ್ತನ, ಮದಲಗಿತ್ತಿ ಬರುತ್ತಾಳೆ. ಈ ವಚನಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದರೆ ಅರ್ಧ ಪುಟ ತುಂಬುವುದೂ ಕಷ್ಟ. ಇದರ ಮೇಲೆ ಕಟ್ಟಿದ ಬೋಧನೆಯ ಗಾತ್ರ ನೋಡಿದರೆ ಈ ಅರ್ಧ ಪುಟವನ್ನು ಮೊದಲು ಗಮನವಿಟ್ಟು ಓದುವುದೇ ಒಳ್ಳೆಯದು.

ಇದು ಹೊಸ ಒಡಂಬಡಿಕೆಯಲ್ಲೇ ಹುಟ್ಟಿದ ಚಿತ್ರವೇ?

ಅಲ್ಲ. ಪ್ರವಾದಿ ಹೋಶೇಯ ಇಸ್ರಾಯೇಲನ್ನು ಹಾದಿ ತಪ್ಪಿದ ಹೆಂಡತಿ ಎಂದ, ಆಮೇಲೆ ಅವಳನ್ನು ಮತ್ತೆ ವರಿಸುವ ದೇವರ ಮಾತನ್ನು ಹೇಳಿದ (2:19–20). ಯೆರೆಮೀಯ 2:2 ಅರಣ್ಯದ ದಿನಗಳನ್ನು ಮದುವೆಯ ಹೊಸತಿನ ಪ್ರೀತಿ ಎಂದು ನೆನೆಯುತ್ತದೆ. 3:8ರಲ್ಲಿ ಅದೇ ಪ್ರವಾದಿ ವಿಚ್ಛೇದನ ಪತ್ರದ ಮಾತಾಡುತ್ತಾನೆ. ಯೆಶಾಯ 54:5 “ನಿನ್ನನ್ನು ಸೃಷ್ಟಿಸಿದಾತನೇ ನಿನ್ನ ಪತಿ” ಎನ್ನುತ್ತದೆ, 62:5 ಮದಲಗಿತ್ತಿಯನ್ನು ಕಂಡು ಹಿಗ್ಗುವ ಮದಲಿಂಗನಿಗೆ ದೇವರನ್ನು ಹೋಲಿಸುತ್ತದೆ.

ಎಲ್ಲ ಕಡೆಯೂ ಹೆಂಡತಿ ಒಂದು ಜನಾಂಗ ಅಥವಾ ಒಂದು ನಗರ. ಒಬ್ಬ ವ್ಯಕ್ತಿಯಲ್ಲ. ಮಾರ್ಕ 2:19ರಲ್ಲಿ, ಶಿಷ್ಯರು ಉಪವಾಸ ಮಾಡುವುದಿಲ್ಲವೇಕೆ ಎಂದು ಕೇಳಿದವರಿಗೆ ಉತ್ತರಿಸುತ್ತಾ ಯೇಸು ತನ್ನನ್ನು ಮದಲಿಂಗ ಎಂದು ಸೂಚಿಸಿದಾಗ ಕೇಳುಗರ ಕಿವಿಯಲ್ಲಿ ಈ ಹಳೆಯ ಮಾತುಗಳಿದ್ದವು. ಪ್ರವಾದಿಗಳು ದೇವರಿಗೆ ಕೊಟ್ಟಿದ್ದ ಸ್ಥಾನವದು. ಆ ಚಿಕ್ಕ ಉತ್ತರದ ಭಾರ ಇರುವುದು ಇಲ್ಲಿ.

ಈಗ ಸಭೆ ಕ್ರಿಸ್ತನಿಗೆ ಹೆಂಡತಿಯೋ, ಇನ್ನೂ ಮದಲಗಿತ್ತಿಯೋ?

ಎರಡೂ. ಇದು ಜಾರಿಕೊಳ್ಳುವ ಉತ್ತರವಲ್ಲ, ಆ ಕಾಲದ ಯೆಹೂದ್ಯರ ನಿಶ್ಚಿತಾರ್ಥದ ಕ್ರಮವೇ ಹಾಗಿತ್ತು. ಅದರಲ್ಲಿ ಎರಡು ಹಂತ: ಮೊದಲನೆಯದು ಎರೂಸಿನ್ ಅಥವಾ ಕಿದ್ದೂಷಿನ್, ಎರಡನೆಯದು ನಿಸ್ಸೂಯಿನ್. ಮೊದಲ ಹಂತ ಮುಗಿದರೆ ಹೆಣ್ಣು ಕಾನೂನಿನ ಪ್ರಕಾರ ಆತನವಳು, ಆದರೆ ತವರಿನಲ್ಲೇ ಇರುತ್ತಾಳೆ. ಬಿಡಿಸಿಕೊಳ್ಳಬೇಕೆಂದರೆ ವಿಚ್ಛೇದನ ಪತ್ರವೇ ಬೇಕು. ಎರಡನೇ ಹಂತದಲ್ಲಿ ಆಕೆ ಗಂಡನ ಮನೆಗೆ ಬರುತ್ತಾಳೆ, ಔತಣ ನಡೆಯುತ್ತದೆ. ಧರ್ಮೋಪದೇಶಕಾಂಡ 22:23–24 ನಿಶ್ಚಯವಾದ ಕನ್ಯೆಯನ್ನು ಆಗಲೇ “ಹೆಂಡತಿ” ಎಂದು ಕರೆಯುತ್ತದೆ. ಮತ್ತಾಯ 1:18–20ರಲ್ಲಿ ಮರಿಯಳಿಗೆ ನಿಶ್ಚಯ ಮಾತ್ರ ಆಗಿದೆ, ಆದರೂ ಯೋಸೇಫ ಆಕೆಯನ್ನು ಬಿಟ್ಟುಬಿಡುವ ಯೋಚನೆಯಲ್ಲಿದ್ದಾನೆ, ದೇವದೂತ “ನಿನ್ನ ಹೆಂಡತಿ” ಎನ್ನುತ್ತಾನೆ.

ಸುಮಾರು ಕ್ರಿ.ಶ. 200ರಲ್ಲಿ ಸಂಕಲನಗೊಂಡ ಮಿಷ್ನಾ ಎಂಬ ಯೆಹೂದ್ಯ ನಿಯಮಗಳ ಸಂಗ್ರಹ ಇದರ ವಿವರ ಕೊಡುತ್ತದೆ. ಅದರ ಕಿದ್ದೂಷಿನ್ ಎಂಬ ಭಾಗದ 1:1ರ ಪ್ರಕಾರ ಹೆಣ್ಣು ನಿಶ್ಚಯವಾಗುವುದು ಹಣದಿಂದ, ಪತ್ರದಿಂದ ಇಲ್ಲವೇ ಕೂಡುವಿಕೆಯಿಂದ. ಹಣ ಎಷ್ಟು? ಶಮ್ಮಾಯಿ ಎಂಬ ಗುರುವಿನ ಪಂಥಕ್ಕೆ ಒಂದು ದಿನಾರ, ಅಂದರೆ ಒಂದು ಬೆಳ್ಳಿ ನಾಣ್ಯ. ಹಿಲ್ಲೇಲನ ಪಂಥಕ್ಕೆ ಒಂದು ಪೆರೂಟಾ, ಅಂದರೆ ಅತಿ ಚಿಕ್ಕ ತಾಮ್ರದ ಕಾಸು ಸಾಕು. ಕೆತುಬೋತ್ ಎಂಬ ಇನ್ನೊಂದು ಭಾಗದ 5:2ರ ಪ್ರಕಾರ ಗಂಡು ಮದುವೆಗೆ ಕರೆದ ಮೇಲೆ ಕನ್ಯೆಗೆ ತನ್ನನ್ನು ಸಿದ್ಧಪಡಿಸಿಕೊಳ್ಳಲು 12 ತಿಂಗಳು, ವಿಧವೆಗೆ 30 ದಿನ.

ಪ್ರಕಟನೆ 21:9ರಲ್ಲಿ ದೇವದೂತ ಒಂದೇ ಉಸಿರಿಗೆ “ಮದಲಗಿತ್ತಿಯನ್ನು, ಕುರಿಮರಿಯ ಹೆಂಡತಿಯನ್ನು” ತೋರಿಸುತ್ತೇನೆ ಎನ್ನುವುದು ಗೊಂದಲವಲ್ಲ ಎಂದು ಇದರಿಂದ ತಿಳಿಯುತ್ತದೆ. ಬಂಧ ಈಗಾಗಲೇ ಆಗಿದೆ, ಮನೆ ಸೇರುವುದು ಉಳಿದಿದೆ. ಸಭೆಯ ಕಾಯುವಿಕೆ ಈ ಎರಡರ ನಡುವಿನದು. ಆತ ಒಪ್ಪುತ್ತಾನೋ ಇಲ್ಲವೋ ಎಂದು ಬಾಗಿಲಲ್ಲಿ ನಿಂತವಳ ಕಾಯುವಿಕೆ ಇದಲ್ಲ. ನಾವು ನೋಡಿರುವಂತೆ ಹೆಚ್ಚಿನ ತಪ್ಪುಗಳು ಹುಟ್ಟುವುದೇ ಈ ವ್ಯತ್ಯಾಸ ಮರೆತಾಗ.

ಮದಲಿಂಗ ತಂದೆಯ ಮನೆಯಲ್ಲಿ ಕೋಣೆ ಕಟ್ಟಲು ಹೋಗುತ್ತಿದ್ದ, ತಂದೆ ಹೇಳುವವರೆಗೆ ಮದುವೆಯ ದಿನ ಅವನಿಗೂ ಗೊತ್ತಿರುತ್ತಿರಲಿಲ್ಲ ಎಂದು ಕೇಳಿದ್ದೇವೆ. ನಿಜವೇ?

ಪ್ರಸಂಗಗಳಲ್ಲಿ ಬಹಳ ಓಡಾಡುವ ಕಥೆ ಇದು. ಯೋಹಾನ 14:2–3ರ “ನನ್ನ ತಂದೆಯ ಮನೆಯಲ್ಲಿ ಬಹಳ ಬಿಡಾರಗಳಿವೆ” ಎಂಬ ಮಾತನ್ನೂ ಮತ್ತಾಯ 24:36ರ “ಆ ದಿನ ಯಾರಿಗೂ ತಿಳಿಯದು” ಎಂಬ ಮಾತನ್ನೂ ಒಂದೇ ದಾರದಲ್ಲಿ ಪೋಣಿಸುತ್ತದೆ, ಹಾಗಾಗಿ ಕೇಳಲು ಚೆಂದ. ಆದರೆ ಪ್ರಾಚೀನ ಆಧಾರಗಳು ಇದನ್ನು ಹೊರುವುದಿಲ್ಲ. ಮಿಷ್ನಾ ಹೇಳುವುದು ಹೆಚ್ಚುಕಡಿಮೆ ತಿರುಗುಮುರುಗು: ಕಾಲಾವಧಿ ಗೊತ್ತುಪಡಿಸಿದ್ದು, ವಾರವೂ ಗೊತ್ತಿರುವಂಥದ್ದು. ಕೆತುಬೋತ್ 1:1ರ ಪ್ರಕಾರ ಕನ್ಯೆಯ ಮದುವೆ ಬುಧವಾರ, ವಿಧವೆಯದು ಗುರುವಾರ. ಹನ್ನೆರಡು ತಿಂಗಳು ಮುಗಿದೂ ಮದುವೆ ಆಗದಿದ್ದರೆ ಅಲ್ಲಿಂದ ಮುಂದೆ ಆಕೆಯನ್ನು ಪೋಷಿಸುವ ಭಾರ ಗಂಡಿನ ಮೇಲೆ. ದಿನವೇ ತಿಳಿಯದ ಮದುವೆಗೆ ಇಂಥ ನಿಯಮ ಹೊಂದುವುದಿಲ್ಲ.

ಹೆಣ್ಣು ದ್ರಾಕ್ಷಾರಸದ ಬಟ್ಟಲು ಕುಡಿದು ಒಪ್ಪಿಗೆ ಸೂಚಿಸುತ್ತಿದ್ದಳು, ಅದೇ ಕರ್ತನ ಭೋಜನದ ಬಟ್ಟಲು ಎಂಬ ಮಾತಿನ ಸ್ಥಿತಿಯೂ ಇದೇ. ಸುವಾರ್ತೆಗಳು ಆ ಬಟ್ಟಲನ್ನು ಪಸ್ಕದ ಊಟದ ಜೊತೆ, ಒಡಂಬಡಿಕೆಯ ರಕ್ತದ ಜೊತೆ ಜೋಡಿಸುತ್ತವೆ, ನಿಶ್ಚಿತಾರ್ಥದ ಜೊತೆಯಲ್ಲ. ಆ ದಿನ ತಿಳಿಯದು ಎಂಬ ಬೋಧನೆಗೆ ಯೇಸುವಿನ ಮಾತೇ ಸಾಕು. ಸಾಕ್ಷಿಯಿಲ್ಲದ ಪದ್ಧತಿಯೊಂದನ್ನು ಅದಕ್ಕೆ ಊರುಗೋಲಾಗಿ ಕೊಟ್ಟರೆ, ಕೋಲು ಮುರಿದ ದಿನ ಕೇಳುಗರು ಮಾತನ್ನೂ ಶಂಕಿಸುತ್ತಾರೆ.

ಮದಲಗಿತ್ತಿ ಎಂದರೆ ನಾನೋ, ನಾವೋ?

ಮೊದಲು ನಾವು. 2 ಕೊರಿಂಥ 11:2ರಲ್ಲಿ “ನಿಮ್ಮನ್ನು” ಎಂಬುದು ಬಹುವಚನ, “ಕನ್ಯೆ” ಏಕವಚನ: ಹಲವರು ಸೇರಿ ಒಬ್ಬಳು. ಎಫೆಸದಲ್ಲಿ ಕ್ರಿಸ್ತ ತನ್ನನ್ನು ಒಪ್ಪಿಸಿಕೊಟ್ಟದ್ದು ಸಭೆಗಾಗಿ. ಪ್ರಕಟನೆಯಲ್ಲಿ ಮದಲಗಿತ್ತಿ ಒಂದು ಇಡೀ ನಗರ.

ಒಬ್ಬೊಬ್ಬರ ಆತ್ಮವೂ ಮದಲಗಿತ್ತಿ ಎಂಬ ಓದು ಮೂರನೇ ಶತಮಾನದ ಬೈಬಲ್ ವ್ಯಾಖ್ಯಾನಕಾರ ಓರಿಗೆನ್‌ನಿಂದ ಗಟ್ಟಿಯಾಯಿತು. ಹಳೆಯ ಒಡಂಬಡಿಕೆಯ ಪ್ರೇಮಗೀತೆಯಾದ ಪರಮಗೀತದ ವ್ಯಾಖ್ಯಾನದಲ್ಲಿ ಅವನು ಸಭೆ ಮತ್ತು ಆತ್ಮ ಎರಡನ್ನೂ ಜೊತೆಜೊತೆಯಾಗಿ ಇಟ್ಟ. ಹನ್ನೆರಡನೇ ಶತಮಾನದ ಸನ್ಯಾಸಿ ಬರ್ನಾರ್ಡ್, ಹದಿನಾರರ ಸನ್ಯಾಸಿನಿ ಆವಿಲಾದ ತೆರೇಸಾ ಇದೇ ದಾರಿಯವರು; ಸುಧಾರಕ ಲೂಥರ್ ಕೂಡ 1520ರಲ್ಲಿ, ನಂಬಿಕೆಯು ಆತ್ಮವನ್ನು ಕ್ರಿಸ್ತನೊಂದಿಗೆ ಮದಲಗಿತ್ತಿಯಂತೆ ಒಂದುಗೂಡಿಸುತ್ತದೆ, ಆಕೆಯ ಪಾಪ ಆತನಿಗೆ, ಆತನ ನೀತಿ ಆಕೆಗೆ ಸೇರುತ್ತದೆ ಎಂದು ಬರೆದ. ಈ ಓದು ತಪ್ಪೆಂದು ನಾವು ಹೇಳುವುದಿಲ್ಲ. “ನಾವು” ಬಿದ್ದುಹೋಗಿ “ನಾನು” ಮಾತ್ರ ಉಳಿದರೆ ಮಾತ್ರ ಚಿತ್ರ ಕೆಡುತ್ತದೆ. ಆಗ ಪಕ್ಕದಲ್ಲಿ ಕೂತ ಸಹೋದರಿಯೊಂದಿಗೆ ವರ್ಷಗಟ್ಟಲೆ ಮಾತು ಬಿಟ್ಟವರೂ ತಾವು ಸಿದ್ಧರಾದ ಮದಲಗಿತ್ತಿ ಎಂದುಕೊಳ್ಳಬಹುದು.

ಗಂಡಸರು ಮದಲಗಿತ್ತಿಯಾಗುವುದು ಹೇಗೆ?

ಮೇಲಿನ ಉತ್ತರದಲ್ಲೇ ಇದೆ: ಮದಲಗಿತ್ತಿ ಸಮೂಹ. ಗ್ರೀಕಿನಲ್ಲಿ ಸಭೆ, ನಗರ ಎರಡೂ ಸ್ತ್ರೀಲಿಂಗ ಪದಗಳು. ಪ್ರವಾದಿಗಳು ಯೆರೂಸಲೇಮಿನ ಜನರನ್ನು “ಚೀಯೋನಿನ ಕುಮಾರಿ” ಎಂದಾಗ ಅದರಲ್ಲಿ ಗಂಡಸರೂ ಇದ್ದರು. ಗಂಡಸು ತನ್ನನ್ನು ಹೆಣ್ಣೆಂದು ಕಲ್ಪಿಸಿಕೊಳ್ಳಬೇಕಿಲ್ಲ.

ಹತ್ತು ಮಂದಿ ಕನ್ಯೆಯರ ಸಾಮ್ಯದಲ್ಲಿ ಮದಲಗಿತ್ತಿ ಯಾರು?

ಮತ್ತಾಯ 25:1–13ರಲ್ಲಿ ಮದಲಗಿತ್ತಿ ಬರುವುದೇ ಇಲ್ಲ. ಬೇಜಾ ಹಸ್ತಪ್ರತಿಯೂ ಸೇರಿ ಕೆಲವು ಪ್ರಾಚೀನ ಪ್ರತಿಗಳಲ್ಲಿ ಮೊದಲ ವಚನಕ್ಕೆ “ಮತ್ತು ಮದಲಗಿತ್ತಿಯನ್ನು” ಎಂದು ಸೇರಿದೆ. ಹೆಚ್ಚಿನ ಪ್ರತಿಗಳಲ್ಲಿ ಇಲ್ಲ. ಕನ್ಯೆಯರು ಮದಲಿಂಗನನ್ನು ಎದುರುಗೊಳ್ಳುವವರು. ಹತ್ತು ಮದಲಗಿತ್ತಿಯರು ಎಂದು ಓದಿದರೆ ಒಬ್ಬ ಮದಲಿಂಗನಿಗೆ ಹತ್ತು ಮದುವೆಯಾಗುತ್ತದೆ, ಸಾಮ್ಯವೇ ಕುಸಿಯುತ್ತದೆ.

ಒಂದೇ ಮದುವೆಯ ಚಿತ್ರದಲ್ಲಿ ವಿಶ್ವಾಸಿಗಳ ಪಾತ್ರ ಬದಲಾಗುತ್ತಲೇ ಇರುತ್ತದೆ. ಮಾರ್ಕ 2ರಲ್ಲಿ ಮದಲಿಂಗನ ಜೊತೆಗಾರರು, ಮತ್ತಾಯ 22ರಲ್ಲಿ ಅತಿಥಿಗಳು, 25ರಲ್ಲಿ ದೀಪ ಹಿಡಿದ ಕನ್ಯೆಯರು, ಪೌಲನಲ್ಲಿ ಮದಲಗಿತ್ತಿ. ಪ್ರಕಟನೆ 19ರಲ್ಲಂತೂ ಏಳನೇ ವಚನದಲ್ಲಿ ಮದಲಗಿತ್ತಿ, ಒಂಬತ್ತರಲ್ಲಿ ಔತಣಕ್ಕೆ ಕರೆಯಲ್ಪಟ್ಟ ಧನ್ಯರು. ಇವರೆಲ್ಲ ಬೇರೆ ಬೇರೆ ದರ್ಜೆಯ ವಿಶ್ವಾಸಿಗಳು ಎಂದು ಪಟ್ಟಿ ಮಾಡುವವರಿದ್ದಾರೆ: ಮೇಲ್ದರ್ಜೆಯವರು ಮದಲಗಿತ್ತಿ, ಉಳಿದವರು ಅತಿಥಿಗಳು. ಸಾಮ್ಯಗಳು ಹಾಗೆ ಕೆಲಸ ಮಾಡುವುದಿಲ್ಲ. ಒಂದೊಂದು ಸಾಮ್ಯ ಒಂದೊಂದು ಮಾತು ಹೇಳಲು ತನಗೆ ಬೇಕಾದ ಪಾತ್ರವನ್ನು ಎತ್ತಿಕೊಳ್ಳುತ್ತದೆ. “ನಿಜವಾದ ಮದಲಗಿತ್ತಿ ನಮ್ಮ ಗುಂಪು ಮಾತ್ರ” ಎಂಬ ಬೋಧನೆ ಕೇಳಿದರೆ ಅದು ಸಾಮಾನ್ಯವಾಗಿ ಇಂಥ ಪಟ್ಟಿಯಿಂದಲೇ ಹೊರಟಿರುತ್ತದೆ.

ಹಾಗಾದರೆ ಆ ಎಣ್ಣೆ ಏನು?

ಐವರು ದೀಪದ ಜೊತೆಗೆ ಒಯ್ದ, ಉಳಿದ ಐವರು ಒಯ್ಯದ ಆ ಎಣ್ಣೆ ಏನೆಂದು ಸಾಮ್ಯ ಹೇಳುವುದಿಲ್ಲ, ಅದಕ್ಕೇ ಉತ್ತರಗಳು ಹಲವು. ಪ್ರಾಚೀನ ಸಭೆಯ ಬೋಧಕರಲ್ಲಿ ಕ್ರಿಸೊಸ್ತೋಮನಿಗೆ ಅದು ಬಡವರಿಗೆ ತೋರಿಸಿದ ಕರುಣೆ, ಅಗಸ್ಟೀನನಿಗೆ ಪ್ರೀತಿ, ಇಂದಿನ ಅನೇಕ ಸಭೆಗಳಲ್ಲಿ ಪವಿತ್ರಾತ್ಮ. ಕಥೆಯೊಳಗೆ ನಿಂತು ನೋಡಿ. ಗ್ರೀಕಿನಲ್ಲಿ ಇಲ್ಲಿರುವ “ಲಂಪಾಸ್” ಎಂಬ ಪದ, ಮತ್ತಾಯ 5:15ರಲ್ಲಿ ಮನೆಯೊಳಗಿನ ದೀಪಕ್ಕೆ ಬಳಸಿದ ಪದವಲ್ಲ. ಹೆಚ್ಚಾಗಿ ಪಂಜಿಗೆ ಹೇಳುವುದು. ಪಂಜಾದರೆ ಎಣ್ಣೆ ಮತ್ತೆ ಮತ್ತೆ ಬೇಕು, ಮೊದಲ ಸುತ್ತಿನದು ಮೆರವಣಿಗೆಗೆ ಸಾಲದು. ಹತ್ತೂ ಮಂದಿ ತೂಕಡಿಸಿದರು, ಹತ್ತೂ ಮಂದಿ ಮಲಗಿದರು. ನಿದ್ದೆಗೆ ಯಾರನ್ನೂ ಗದರಿಸಿಲ್ಲ. ಐವರು ಎಡವಿದ್ದು ಆತ ತಡಮಾಡಬಹುದು ಎಂದು ಲೆಕ್ಕ ಹಾಕದೆ ಹೋದದ್ದರಲ್ಲಿ. “ಬೇಗ ಬರುತ್ತಾನೆ, ಸಿದ್ಧರಾಗಿ” ಎಂದು ಹೆದರಿಸಲು ಈ ಸಾಮ್ಯವನ್ನು ಬಳಸುವವರು ಐದನೇ ವಚನವನ್ನು ಇನ್ನೊಮ್ಮೆ ನೋಡಬೇಕು: ಮದಲಿಂಗ ತಡಮಾಡಿದ. ಇದು ದೀರ್ಘ ಕಾಯುವಿಕೆಗೆ ಬೇಕಾದ ತಯಾರಿಯ ಪಾಠ.

ಮದುವೆಯ ಬಟ್ಟೆ ನಾವು ನೇಯುವುದೋ, ಆತ ಕೊಡುವುದೋ?

ಪ್ರಕಟನೆ 19:7–8 ಎರಡನ್ನೂ ಒತ್ತೊತ್ತಾಗಿ ಇಟ್ಟಿದೆ. “ಆಕೆ ತನ್ನನ್ನು ಸಿದ್ಧಮಾಡಿಕೊಂಡಿದ್ದಾಳೆ”, ಹಿಂದೆಯೇ “ನಯವಾದ ನಾರುಮಡಿ ಧರಿಸುವಂತೆ ಆಕೆಗೆ ಅನುಗ್ರಹಿಸಲಾಯಿತು”. ಆ ನಾರುಮಡಿ ದೇವಜನರ ನೀತಿಕಾರ್ಯಗಳು ಎಂದು ವಚನವೇ ಬಿಡಿಸುತ್ತದೆ. ಒಂದು ಭಾಗವನ್ನಷ್ಟೇ ಕತ್ತರಿಸಿಕೊಂಡರೆ ಒಂದೋ ಬೆವರು ಸುರಿಸಿ ಪ್ರೀತಿ ಗಳಿಸುವ ಮದಲಗಿತ್ತಿ, ಇಲ್ಲವೇ ಕೈಕಟ್ಟಿ ಕೂತ ಮದಲಗಿತ್ತಿ.

ಮತ್ತಾಯ 22:11–13ರ ಮದುವೆಯ ಬಟ್ಟೆಯಿಲ್ಲದ ಮನುಷ್ಯನ ಬಗ್ಗೆ, ಬಾಗಿಲಲ್ಲೇ ಎಲ್ಲರಿಗೂ ಬಟ್ಟೆ ಕೊಡುತ್ತಿದ್ದರು, ಅವನು ಬೇಡವೆಂದ ಎಂದು ವಿವರಿಸುವುದುಂಟು. ಮೊದಲ ಶತಮಾನದಲ್ಲಿ ಅಂಥ ಪದ್ಧತಿಯಿತ್ತು ಎನ್ನಲು ಗಟ್ಟಿ ಆಧಾರವಿಲ್ಲ. ಸಾಮ್ಯದ ಪಠ್ಯದಲ್ಲೂ ಇಲ್ಲ. ನಾಲ್ಕನೇ ಶತಮಾನದಲ್ಲಿ ಯೆರೂಸಲೇಮಿನ ಬಿಷಪ್ ಸಿರಿಲ್ ದೀಕ್ಷಾಸ್ನಾನಕ್ಕೆ ಹೆಸರು ಕೊಟ್ಟವರಿಗೆ ಇದೇ ಮನುಷ್ಯನನ್ನು ತೋರಿಸಿ, ಒಳಗೆ ಬಂದದ್ದು ಸರಿ, ಯಾವ ಉದ್ದೇಶ ತೊಟ್ಟು ಬಂದೆ ಎಂದು ಕೇಳಿದ. ಕಲ್ಪಿತ ಪದ್ಧತಿಗಿಂತ ಈ ಪ್ರಶ್ನೆ ಹೆಚ್ಚು ಚುಚ್ಚುತ್ತದೆ.

ಮದಲಗಿತ್ತಿಯನ್ನು ತೋರಿಸುತ್ತೇನೆಂದ ದೂತ ನಗರವನ್ನು ತೋರಿಸಿದ್ದೇಕೆ?

ಇದು ಇಡೀ ಚಿತ್ರದ ಅತಿ ಶ್ರೀಮಂತ ಜಾಗ, ಆದರೆ ಹೆಚ್ಚಿನವರು ದಾಟಿಹೋಗುತ್ತಾರೆ. ಪ್ರಕಟನೆ 17:1 ಮತ್ತು 21:9ನ್ನು ಅಕ್ಕಪಕ್ಕ ಇಟ್ಟು ಓದಿ. ಎರಡು ಕಡೆಯೂ ಏಳು ಪಾತ್ರೆಗಳ ದೂತರಲ್ಲಿ ಒಬ್ಬನು ಬಂದು “ಬಾ, ನಿನಗೆ ತೋರಿಸುತ್ತೇನೆ” ಎನ್ನುತ್ತಾನೆ. ಎರಡು ಕಡೆಯೂ ಪ್ರಕಟನೆಯನ್ನು ಬರೆದ ಯೋಹಾನ ಆತ್ಮವಶನಾಗಿ ಒಯ್ಯಲ್ಪಡುತ್ತಾನೆ. ಮೊದಲ ಸಲ ಅರಣ್ಯಕ್ಕೆ, ಅಲ್ಲಿ ಕಾಣುವವಳು ಧೂಮ್ರ ಮತ್ತು ರಕ್ತವರ್ಣದ ಬಟ್ಟೆಯ ಜಾರಸ್ತ್ರೀ, ಬಾಬೆಲ್ ನಗರ. ಎರಡನೇ ಸಲ ಎತ್ತರದ ಬೆಟ್ಟಕ್ಕೆ, ಕಾಣುವವಳು ಮದಲಗಿತ್ತಿ, ಯೆರೂಸಲೇಮ್ ನಗರ. ಇಬ್ಬರು ಹೆಂಗಸರು, ಎರಡು ನಗರ, ಓದುಗನಿಗೆ ಒಂದು ಆಯ್ಕೆ. ಬಾಬೆಲಿನ ಸಂಪತ್ತು ವ್ಯಾಪಾರದಿಂದ ಬಂದದ್ದು; 18:11–13ರಲ್ಲಿ ಸರಕುಗಳ ಪಟ್ಟಿಯೇ ಇದೆ, ಪಟ್ಟಿಯ ಕೊನೆಗೆ ಮನುಷ್ಯರು.

ಮದಲಗಿತ್ತಿ ನಗರದ ಅಳತೆ 12,000 ಸ್ತಾದಿಯ, ಅಂದರೆ ಸುಮಾರು 2,200 ಕಿಲೋಮೀಟರ್. ಉದ್ದ, ಅಗಲ, ಎತ್ತರ ಮೂರೂ ಒಂದೇ. ಗೋಡೆ 144 ಮೊಳ, ಸುಮಾರು 65 ಮೀಟರ್. ಅಷ್ಟು ಎತ್ತರದ ನಗರಕ್ಕೆ ಈ ಗೋಡೆ ಹಾಸ್ಯಾಸ್ಪದವಾಗಿ ಗಿಡ್ಡ, ಹಾಗಾಗಿ ನಕ್ಷೆ ಬಿಡಿಸಲು ಕೂರಬೇಡಿ. ಲೆಕ್ಕಕ್ಕೆ ಬರುವುದು ಘನಾಕೃತಿ. ಸೊಲೊಮೋನನ ದೇವಾಲಯದ ಮಹಾಪರಿಶುದ್ಧ ಸ್ಥಳವೂ ಘನಾಕೃತಿಯೇ: 20 ಮೊಳ ಉದ್ದ, 20 ಅಗಲ, 20 ಎತ್ತರ (1 ಅರಸುಗಳು 6:20). ವರ್ಷಕ್ಕೊಮ್ಮೆ ಒಬ್ಬ ಮಹಾಯಾಜಕ ಒಳಹೋಗುತ್ತಿದ್ದ ಕೋಣೆ ಈಗ ನಗರದಷ್ಟು ಹಿಗ್ಗಿದೆ, 12 ಬಾಗಿಲುಗಳೂ ಮುಚ್ಚುವುದಿಲ್ಲ. ಬಾಗಿಲುಗಳ ಮೇಲೆ ಇಸ್ರಾಯೇಲಿನ 12 ಕುಲಗಳ ಹೆಸರು, ಅಸ್ತಿವಾರಗಳ ಮೇಲೆ 12 ಅಪೊಸ್ತಲರ ಹೆಸರು. ಇಷ್ಟು ಜನರನ್ನು ಹೊತ್ತ ಮದಲಗಿತ್ತಿಯನ್ನು ಒಂದು ಸಂಪ್ರದಾಯದ ಸದಸ್ಯರ ಪಟ್ಟಿಗೆ ಇಳಿಸುವುದು ಕಷ್ಟ.

ಮದುವೆ ಯಾವಾಗ? ಸಭೆ ಎತ್ತಲ್ಪಟ್ಟ ಮೇಲೆ ಪರಲೋಕದಲ್ಲೋ, ಭೂಮಿಯ ಮೇಲೋ?

ಪ್ರಕಟನೆ ಮದುವೆಯ ವಿಧಿಯನ್ನು ವರ್ಣಿಸುವುದೇ ಇಲ್ಲ. 19ನೇ ಅಧ್ಯಾಯದಲ್ಲಿ ಅದು ಬಂತೆಂದು ಘೋಷಣೆ. 21ರಲ್ಲಿ ಅಲಂಕೃತಳಾದ ಮದಲಗಿತ್ತಿ ಇಳಿದು ಬರುತ್ತಾಳೆ. ನಡುವೆ 20ನೆಯದು, ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆಯ ಅಧ್ಯಾಯ. 1830ರ ದಶಕದಿಂದ ಜಾನ್ ನೆಲ್ಸನ್ ಡಾರ್ಬಿಯ ಬೋಧನೆಯೊಂದಿಗೆ ಹರಡಿದ ಓದಿನಲ್ಲಿ ಸಭೆ ಮೊದಲು ಭೂಮಿಯಿಂದ ಮೇಲಕ್ಕೆ ಎತ್ತಲ್ಪಡುತ್ತದೆ, ಮದುವೆ ಪರಲೋಕದಲ್ಲಿ ಆಗುತ್ತದೆ. ಎರಡು ಅಧ್ಯಾಯಗಳೂ ಒಂದೇ ಕೊನೆಯ ಬರುವಿಕೆಯನ್ನು ಎರಡು ಕೋನದಿಂದ ನೋಡುತ್ತವೆ ಎನ್ನುವುದು ಅದಕ್ಕಿಂತ ಹಳೆಯ ಓದು. ಎರಡರಲ್ಲಿ ಯಾವುದನ್ನು ಹಿಡಿದರೂ 21:2ರಲ್ಲಿ ಮದಲಗಿತ್ತಿಯ ಪಯಣ ಮೇಲಿನಿಂದ ಕೆಳಕ್ಕೆ ಎಂಬುದನ್ನು ಬಿಡುವಂತಿಲ್ಲ. ಇಸವಿ ಲೆಕ್ಕ ಹಾಕಿ ಹೇಳುವವರಿಗೆ ಉತ್ತರ ಕೊಡಲು ಹೋಗಬೇಡಿ.

ಪರಮಗೀತವನ್ನು ಕ್ರಿಸ್ತ ಮತ್ತು ಸಭೆಯ ಹಾಡಾಗಿ ಓದಬಹುದೇ?

ಬಹಳ ಕಾಲದಿಂದ ಓದಿದ್ದಾರೆ. ಬರ್ನಾರ್ಡ್ 1135ರಿಂದ 1153ರಲ್ಲಿ ಸಾಯುವವರೆಗೆ ಇದರ ಮೇಲೆ 86 ಪ್ರಸಂಗ ಬರೆದ. ತಲುಪಿದ್ದು ಮೂರನೇ ಅಧ್ಯಾಯದ ಆರಂಭಕ್ಕೆ. ಆದರೆ ಹೊಸ ಒಡಂಬಡಿಕೆ ಪರಮಗೀತವನ್ನು ಎಲ್ಲಿಯೂ ನೇರವಾಗಿ ಉಲ್ಲೇಖಿಸುವುದಿಲ್ಲ. ಆದ್ದರಿಂದ ಮೊದಲು ಅದನ್ನು ಗಂಡು ಹೆಣ್ಣಿನ ಪ್ರೇಮಗೀತೆಯಾಗಿಯೇ ಓದಿ. ಹಾಗೆ ಓದದೆ ನೇರವಾಗಿ ಸಂಕೇತಕ್ಕೆ ಹಾರಿದರೆ ದಾಳಿಂಬೆ, ದ್ರಾಕ್ಷಿ, ನರಿಮರಿ ಪ್ರತಿಯೊಂದಕ್ಕೂ ಅರ್ಥ ಕಟ್ಟುವ ಆಟ ಶುರುವಾಗುತ್ತದೆ, ಅದಕ್ಕೆ ಕೊನೆಯಿಲ್ಲ.

ಕನ್ಯಾಸ್ತ್ರೀಯರನ್ನು ಮಾತ್ರ ಕ್ರಿಸ್ತನ ವಧು ಎನ್ನುವುದೇಕೆ?

“ಮಾತ್ರ” ಅಲ್ಲ. ಕಥೋಲಿಕ ಧರ್ಮಸಭೆಯಲ್ಲಿ ಇಡೀ ಧರ್ಮಸಭೆಯೇ ವಧು. ಸಮರ್ಪಿತ ಕನ್ಯೆ ಅದರ ಕಣ್ಣಿಗೆ ಕಾಣುವ ಗುರುತು. 1970ರಲ್ಲಿ ಪರಿಷ್ಕರಿಸಿದ ಕನ್ಯಾ ಸಮರ್ಪಣೆಯ ವಿಧಿಯಲ್ಲಿ ಉಂಗುರ ಕೊಡುವುದು ಈ ಕಾರಣಕ್ಕೇ.

ಆರಾಧನೆಯಲ್ಲಿ ಈ ಚಿತ್ರ ಎಲ್ಲೆಲ್ಲಿ ಉಳಿದಿದೆ?

ರೋಮನ್ ಪೂಜೆಯಲ್ಲಿ ಪರಮಪ್ರಸಾದಕ್ಕೆ ಮುಂಚೆ ಗುರು ಹೇಳುವ “ಕುರಿಮರಿಯ ಔತಣಕ್ಕೆ ಕರೆಯಲ್ಪಟ್ಟವರು ಧನ್ಯರು” ಎಂಬುದು ಪ್ರಕಟನೆ 19:9ರ ಮಾತು. ಆರ್ಥೊಡಾಕ್ಸ್ ಸಭೆಗಳು ಪವಿತ್ರ ವಾರದ ಮೊದಲ ಮೂರು ಸಂಜೆ “ಮದಲಿಂಗನ ಪ್ರಾರ್ಥನೆ” ನಡೆಸುತ್ತವೆ. ಮದಲಿಂಗನೆಂದು ಅಲ್ಲಿ ತರುವ ಪಟದಲ್ಲಿ ಯೇಸುವಿನ ತಲೆಯ ಮೇಲೆ ಮುಳ್ಳಿನ ಕಿರೀಟವಿರುತ್ತದೆ. ಮದುವೆಯ ಚಿತ್ರವನ್ನು ಶಿಲುಬೆಯಿಂದ ಬಿಡಿಸಲಾಗದು ಎಂದು ಇಷ್ಟು ಚುರುಕಾಗಿ ಹೇಳಿದ್ದು ಬೇರೆಲ್ಲೂ ಕಾಣೆವು.

ಕೆಟ್ಟ ದಾಂಪತ್ಯದಲ್ಲಿ ನೊಂದವರಿಗೆ ಈ ಚಿತ್ರ ಹೇಳುವುದು ಹೇಗೆ?

ಎಚ್ಚರದಿಂದ. ಯೆಹೆಜ್ಕೇಲ 16 ಮತ್ತು 23ರಲ್ಲಿ ಹೆಂಡತಿಗೆ ಆಗುವ ಶಿಕ್ಷೆಯ ವರ್ಣನೆ ಕ್ರೂರವಾಗಿದೆ. ಅಲ್ಲಿ ಶಿಕ್ಷೆಗೊಳಗಾಗುವುದು ನಗರ. ಗಂಡ ಹೆಂಡತಿಯನ್ನು ಹಾಗೆ ನಡೆಸಿಕೊಳ್ಳಲು ಅದು ಅನುಮತಿಯಲ್ಲ. ಮುಂಚೆ ತಿಳಿಸದೆ, ವಿವರಿಸದೆ ಆ ಅಧ್ಯಾಯಗಳನ್ನು ಗುಂಪಿನಲ್ಲಿ ಗಟ್ಟಿಯಾಗಿ ಓದಿಸಬೇಡಿ. ಎಫೆಸ 5ನ್ನು 22ರಿಂದಲ್ಲ, 21ರಿಂದ ಓದಲು ಶುರುಮಾಡಿ: “ಒಬ್ಬರಿಗೊಬ್ಬರು ಅಧೀನರಾಗಿ”. ಅಲ್ಲಿಂದ ವಚನಗಳನ್ನು ಎಣಿಸಿ. ಹೆಂಡತಿಗೆ ನೇರವಾಗಿ ಹೇಳಿದ್ದು 22ರಿಂದ 24, ಮೂರು ವಚನ. 25ರಿಂದ 32ರವರೆಗಿನ ಎಂಟು ವಚನಗಳು ಗಂಡನ ಕಡೆಗೆ ತಿರುಗಿವೆ, ಅವನ ಮುಂದಿಟ್ಟ ಮಾದರಿ ತನ್ನನ್ನೇ ಒಪ್ಪಿಸಿಕೊಟ್ಟವನದು. ಹೊಡೆತ ತಿನ್ನುವವಳಿಗೆ “ಸಭೆಯಂತೆ ಸಹಿಸು” ಎನ್ನುವವರು ಆ ಎಂಟು ವಚನಗಳನ್ನು ಹರಿದುಹಾಕಿದಂತೆ. ಆಕೆಗೆ ಮೊದಲು ಬೇಕಾದದ್ದು ಸುರಕ್ಷಿತ ಜಾಗ, ಉಪಮೆಯಲ್ಲ.

ಮದುವೆಯಾಗದವರಿಗೆ, ವಿಧವೆಯರಿಗೆ “ನಿನಗೆ ಯೇಸುವೇ ಗಂಡ” ಎಂದು ಸಮಾಧಾನ ಹೇಳುವುದೂ ಬೇಡ. ಅದು ಅವರ ಒಂಟಿತನವನ್ನು ಕೇಳಿಸಿಕೊಳ್ಳದೆ ಬಾಯಿ ಮುಚ್ಚಿಸುವ ಮಾತು.

ಗುಂಪಿನಲ್ಲಿ ಅಭ್ಯಾಸ ಮಾಡಲು ಕ್ರಮ ಹೇಳಿ.

ಐದು ಸಲ ಸೇರಿ, ಒಂದೊಂದು ಸಲಕ್ಕೆ ಒಂದು ಗಂಟೆ. ಮೊದಲನೆಯದಕ್ಕೆ ಹೋಶೇಯ 1–3 ಮತ್ತು ಯೆರೆಮೀಯ 2:1–3. ಎರಡನೆಯದಕ್ಕೆ ಯೆಶಾಯ 54 ಮತ್ತು 62. ಮೂರನೆಯದಕ್ಕೆ ಮಾರ್ಕ 2:18–22, ಯೋಹಾನ 3:22–30, ಮತ್ತಾಯ 25:1–13. ನಾಲ್ಕನೆಯದಕ್ಕೆ 2 ಕೊರಿಂಥ 11:1–4 ಮತ್ತು ಎಫೆಸ 5:21–33. ಕೊನೆಗೆ ಪ್ರಕಟನೆ 17:1–6ರ ಪಕ್ಕದಲ್ಲಿ 21:9ರಿಂದ 22:5. ಪ್ರತಿ ಸಲವೂ ಹಾಳೆಯಲ್ಲಿ ಮೂರು ಕಂಬ ಎಳೆದು ತುಂಬಿಸಿ: ಇಲ್ಲಿ ಮದಲಗಿತ್ತಿ ಯಾರು ಅಥವಾ ಏನು, ಮದಲಿಂಗ ಏನು ಮಾಡುತ್ತಾನೆ, ವಿಶ್ವಾಸಿಗಳ ಪಾತ್ರ ಯಾವುದು. ಗೊತ್ತಿಲ್ಲದ ಕಂಬ ಖಾಲಿ ಬಿಡಿ. ಬೇರೆ ವಚನದಿಂದ ತಂದು ತುಂಬಬೇಡಿ. ಮೂರನೇ ವಾರದಲ್ಲಿ ಮೊದಲ ಕಂಬ ಹೆಚ್ಚುಕಡಿಮೆ ಖಾಲಿಯೇ ಉಳಿಯುತ್ತದೆ, ಒಳ್ಳೆಯ ಚರ್ಚೆ ಹುಟ್ಟುವುದೂ ಅಲ್ಲಿಂದಲೇ.

ನಾಲ್ಕನೇ ವಾರದಲ್ಲಿ ಒಂದು ವಿಷಯ ತಪ್ಪದೆ ನೋಡಿ. ಪೌಲ ಹೆದರಿದ್ದು ಕೊರಿಂಥದವರ ಸೋಮಾರಿತನಕ್ಕಲ್ಲ. ಬೇರೊಬ್ಬ ಯೇಸುವನ್ನು, ಬೇರೊಂದು ಸುವಾರ್ತೆಯನ್ನು ತಂದವರ ಮಾತಿಗೆ ಅವರು ಸಲೀಸಾಗಿ ಕಿವಿಗೊಡುವುದಕ್ಕೆ (11:3–4).

ಮದಲಗಿತ್ತಿ ಕೊನೆಗೆ “ಬಾ” ಎನ್ನುವುದು ಯಾರಿಗೆ?

ಪ್ರಕಟನೆ 22:17 ಆಕೆಗೆ ಕೊಡುವ ಮಾತು ಇದೊಂದೇ, ಅದನ್ನೂ ಆಕೆ ಆತ್ಮನೊಂದಿಗೆ ಸೇರಿ ಹೇಳುತ್ತಾಳೆ. 12 ಮತ್ತು 20ನೇ ವಚನಗಳಲ್ಲಿ ಯೇಸು “ಬೇಗ ಬರುತ್ತೇನೆ” ಎನ್ನುವುದರಿಂದ ಕರೆ ಆತನಿಗೆ ಎಂದು ಹಲವರು ಓದುತ್ತಾರೆ. ಅದೇ ವಚನ ಮುಂದುವರಿದು ಬಾಯಾರಿದವನೂ ಬರಲಿ, ಜೀವಜಲವನ್ನು ಕ್ರಯವಿಲ್ಲದೆ ತೆಗೆದುಕೊಳ್ಳಲಿ ಎನ್ನುವುದರಿಂದ ಕರೆ ಹೊರಗೆ ನಿಂತವರಿಗೆ ಎಂದು ಉಳಿದವರು. ನಮ್ಮ ಓದಿನಲ್ಲಿ ಮೊದಲ ಕರೆ ಮದಲಿಂಗನಿಗೆ. ಆದರೆ ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಆಕೆಯ ಮುಖ ಬಾಯಾರಿದವರ ಕಡೆಗೆ ತಿರುಗಿರುತ್ತದೆ.